ಆನೆ ಹತ್ತಿರ ಯಾಕೆ ಹೋಗಬೇಕು, ದೂರದಿಂದ ಹೊಡೀಬಾರದಾ?

2023ರ ಆಗಸ್ಟ್ 31. ಹಾಸನ ಜಿಲ್ಲೆಯ ಆಲೂರು ತಾಲ್ಲೂಕು. ಗಾಯಗೊಂಡಿದ್ದ ‘ಭೀಮ’ ಅನ್ನೋ ಕಾಡಾನೆಗೆ ಚಿಕಿತ್ಸೆ ಕೊಡಬೇಕಿತ್ತು. ಕಾಡಾನೆಯನ್ನ ಮುಟ್ಟಬೇಕು ಅಂದ್ರೆ ಮೊದಲು ಅರಿವಳಿಕೆ ಚುಚ್ಚುಮದ್ದು ಹೊಡೆಯಬೇಕು. ಹೊಡೆಯೋಕೆ ಹೋದವರು ವೆಂಕಟೇಶ್. ಆನೆ ಕಾರ್ಯಾಚರಣೆಗಳಲ್ಲಿ ಪಳಗಿದ ಕೈ. ಜನ ಅವರನ್ನ ‘ಆನೆ ವೆಂಕಟೇಶ್’ ಅಂತಲೇ ಕರೀತಿದ್ದರು. ಅವರು ಹೊಡೆದರು. ಆನೆ ಬೀಳಲಿಲ್ಲ, ತಿರುಗಿ ನುಗ್ಗಿ ಬಂತು. ವೆಂಕಟೇಶ್ ಉಳಿಯಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ವೀಕ್ಷಕರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. “ಸಾರ್, ಸೈನಿಕರು ಅರ್ಧ ಕಿಲೋಮೀಟರ್ ದೂರದಿಂದ ಗುರಿ ಇಟ್ಟು ಹೊಡೀತಾರೆ. ಆನೆ ಅಷ್ಟು ದೊಡ್ಡ ಪ್ರಾಣಿ. ಉದ್ದ ನಳಿಗೆ ಇರೋ ಒಳ್ಳೇ ಬಂದೂಕು ಕೊಟ್ಟು ದೂರದಿಂದ ಹೊಡೆಸಬಾರದಾ? ಹತ್ತಿರ ಹೋಗಿ ಯಾಕೆ ಸಾಯಬೇಕು?”

ಇದು ತಳ್ಳಿಹಾಕೋ ಪ್ರಶ್ನೆ ಅಲ್ಲ. ಮನುಷ್ಯನ ಪ್ರಾಣದ ಮೇಲಿನ ಕಾಳಜಿಯಿಂದ ಬಂದ ಪ್ರಶ್ನೆ. ಆದರೆ ಅದರೊಳಗೆ ಮೂರು ನಂಬಿಕೆ ಅಡಗಿ ಕೂತಿವೆ. ನಳಿಗೆ ಉದ್ದ ಆದಷ್ಟೂ ಗುಂಡಿನ ವೇಗ ಹೆಚ್ಚು. ನಳಿಗೆ ಉದ್ದ ಆದಷ್ಟೂ ಗುರಿ ಖಚಿತ. ವೇಗ, ಗುರಿ ಎರಡೂ ಇದ್ದರೆ ದೂರದಿಂದ ಹೊಡೀಬಹುದು. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಕಾಲು ಸತ್ಯ. ಮೂರನೆಯದು ಗುಂಡಿನ ವಿಷಯದಲ್ಲಿ ಸರಿ, ಆನೆಗೆ ಹೊಡೆಯೋ ಚುಚ್ಚುಮದ್ದಿನ ವಿಷಯದಲ್ಲಿ ಪೂರ್ತಿ ತಪ್ಪು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕೆಲಸ ಕೊಟ್ಟಿದ್ದು ಕ್ಯಾಮೆರಾ. ಓದಿದ್ದನ್ನ ಬಳಸೋಕೆ ಇಂಥ ಪ್ರಶ್ನೆಗಳೇ ಬೇಕು. ಒಂದೊಂದಾಗಿ ಬಿಡಿಸೋಣ.

ಮೊದಲು ವೇಗ. ಬೇಲೂರಿಗೆ ಹೋದವರು ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನ ನೋಡದೆ ಬರಲ್ಲ. 1117ರ ಗುಡಿ ಅದು. ಆ ಮದನಿಕೆಯರಲ್ಲಿ ಒಬ್ಬಳು ಬಿಲ್ಲು ಹಿಡಿದ ಬೇಟೆಗಾರ್ತಿ. ಅಲ್ಲಿಂದ ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರನ ಗೋಡೆ ಮೇಲೆ ರಾಮಾಯಣ, ಮಹಾಭಾರತದ ಯುದ್ಧಗಳು, ಸಾಲುಸಾಲು ಬಿಲ್ಲುಗಾರರು. ಈಗ ಯೋಚನೆ ಮಾಡಿ, ಬಿಲ್ಲುಗಾರ ಹೆದೆಯನ್ನ ಕಿವಿವರೆಗೂ ಯಾಕೆ ಎಳೀತಾನೆ? ಎರಡು ಇಂಚು ಎಳೆದು ಬಿಟ್ಟರೆ ಬಾಣ ಕಾಲ ಬುಡದಲ್ಲೇ ಬೀಳುತ್ತೆ. ಕಿವಿವರೆಗೆ ಎಳೆದರೆ ಹೆದೆ ಆ ಬಾಣವನ್ನ ಅಷ್ಟು ಉದ್ದಕ್ಕೂ ತಳ್ಳಿಕೊಂಡು ಬರುತ್ತೆ. ಎಷ್ಟು ಬಲ, ಆ ಬಲ ಎಷ್ಟು ದೂರದವರೆಗೆ ತಳ್ಳಿತು, ಈ ಎರಡರ ಗುಣಾಕಾರವೇ ಬಾಣಕ್ಕೆ ಸಿಗೋ ಶಕ್ತಿ.

ಬಂದೂಕಿನಲ್ಲೂ ಲೆಕ್ಕ ಇದೇ. ಹೆದೆ ಬದಲು ಗ್ಯಾಸು. ತೋಟಾದೊಳಗಿನ ಮದ್ದು ಹೊತ್ತಿಕೊಂಡಾಗ ಅದು ಬಿಸಿ ಗ್ಯಾಸ್ ಆಗುತ್ತೆ. ಸೈನಿಕರ ರೈಫಲ್‌ನಲ್ಲಿ ಆ ಗ್ಯಾಸಿನ ಒತ್ತಡ ನಿಮ್ಮ ಕಾರಿನ ಟೈರ್‌ನ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಗುಂಡು ನಳಿಗೆಯೊಳಗೆ ಇರೋದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಗ್ಯಾಸ್ ಅದನ್ನ ತಳ್ಳಬೇಕು. ಗುಂಡು ನಳಿಗೆಯ ಬಾಯಿ ದಾಟಿದ ಮೇಲೆ ಗ್ಯಾಸ್ ಗಾಳಿಪಾಲು. ಅದಕ್ಕೇ ನಳಿಗೆ ಉದ್ದ ಇದ್ದರೆ ತಳ್ಳೋ ದೂರ ಹೆಚ್ಚು, ವೇಗವೂ ಹೆಚ್ಚು.

ಉದಾಹರಣೆ ಬೇಕಾ? ಅಮೆರಿಕ ಸೇನೆಯ ಎಂ–16 ರೈಫಲ್‌ನ ನಳಿಗೆ 20 ಇಂಚು. ಅದರ ತಮ್ಮ ಎಂ–4ರದ್ದು 14.5 ಇಂಚು. ಇಬ್ಬರಿಗೂ ಒಂದೇ ತೋಟಾ. ಉದ್ದದ ರೈಫಲ್‌ನಿಂದ ಗುಂಡು ಸೆಕೆಂಡಿಗೆ ಸುಮಾರು 950 ಮೀಟರ್ ವೇಗದಲ್ಲಿ ಹೊರಡುತ್ತೆ. ಗಿಡ್ಡ ರೈಫಲ್‌ನಲ್ಲಿ ಅದಕ್ಕಿಂತ ಸುಮಾರು 50 ಮೀಟರ್ ಕಡಿಮೆ. ಅಂದ್ರೆ ಇಂಥ ರೈಫಲ್‌ಗಳಲ್ಲಿ ಒಂದು ಇಂಚು ನಳಿಗೆಗೆ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ಲೆಕ್ಕ ಹಿಡಿದರೆ ದೊಡ್ಡ ತಪ್ಪಾಗಲ್ಲ.

ಹಾಗಾದ್ರೆ ಹತ್ತಡಿ ನಳಿಗೆ ಮಾಡಿಬಿಡೋಣ ಅಂತೀರಾ? ಆಗಲ್ಲ. ಗುಂಡು ಮುಂದೆ ಹೋದಂತೆ ಹಿಂದಿನ ಜಾಗ ಹಿಗ್ಗುತ್ತೆ, ಗ್ಯಾಸಿನ ಒತ್ತಡ ಇಳೀತಾ ಹೋಗುತ್ತೆ. ಆದರೆ ನಳಿಗೆ ಗೋಡೆಯ ತಿಕ್ಕಾಟ ಇದ್ದೇ ಇರುತ್ತೆ. ಒಂದು ಹಂತದಲ್ಲಿ ತಳ್ಳೋ ಬಲ, ತಡೆಯೋ ಬಲ ಸಮ ಆಗುತ್ತೆ. ಅಲ್ಲಿಂದಾಚೆ ನಳಿಗೆ ಬೆಳೆದರೆ ವೇಗ ಇಳಿಯುತ್ತೆ. ಎನ್‌ಸಿಸಿಯಲ್ಲಿ ಇದ್ದವರಿಗೆ ಪಾಯಿಂಟ್ ಟೂ ಟೂ ರೈಫಲ್ ನೆನಪಿರಬೇಕು. ಅದರ ಪುಟ್ಟ ತೋಟಾದಲ್ಲಿ ಮದ್ದು ಚಿಟಿಕೆಯಷ್ಟು. ಸುಮಾರು 16 ಇಂಚು ದಾಟೋ ಹೊತ್ತಿಗೆ ಅದರ ಕೆಲಸ ಬಹುತೇಕ ಮುಗಿದಿರುತ್ತೆ.

ಇನ್ನೊಂದು ವಿಷಯ. ಪೊಲೀಸರ ಹಳೇ ತ್ರೀ ನಾಟ್ ತ್ರೀ ರೈಫಲ್‌ನ ನಳಿಗೆ 640 ಮಿಲಿಮೀಟರ್, ಗುಂಡಿನ ವೇಗ ಸೆಕೆಂಡಿಗೆ ಸುಮಾರು 740 ಮೀಟರ್. ಆಮೇಲೆ ಬಂದ ಇನ್ಸಾಸ್‌ನ ನಳಿಗೆ 464 ಮಿಲಿಮೀಟರ್, ವೇಗ ಸುಮಾರು 900. ಗಿಡ್ಡ ನಳಿಗೆಗೇ ಹೆಚ್ಚು ವೇಗ! ಯಾಕೆ? ತ್ರೀ ನಾಟ್ ತ್ರೀ ಗುಂಡಿನ ತೂಕ 11 ಗ್ರಾಂ ಮೇಲೆ, ಇನ್ಸಾಸ್‌ನದ್ದು ಬರೀ 4 ಗ್ರಾಂ. ಮದ್ದು ಬೇರೆ, ಒತ್ತಡ ಬೇರೆ, ತೂಕ ಬೇರೆ. ಹೀಗಾಗಿ ತೋಟಾ ಯಾವುದು ಅಂತ ಕೇಳದೆ ನಳಿಗೆ ಉದ್ದ ನೋಡಿ ವೇಗ ಹೇಳೋಕೆ ಆಗಲ್ಲ.

ನಮ್ಮ ಮಲೆನಾಡಿನ ಹಳೇ ಕೇಪಿನ ಕೋವಿಗಳ ನಳಿಗೆ ಅಷ್ಟುದ್ದ ಇರೋದರ ಗುಟ್ಟೂ ಇಲ್ಲೇ ಇದೆ. ಬಾಯಿಂದ ತುಂಬಿ ಕಡ್ಡಿಯಿಂದ ಜಡಿಯೋ ಕಪ್ಪು ಮದ್ದಿನ ಒತ್ತಡ ಇವತ್ತಿನ ಮದ್ದಿಗಿಂತ ತುಂಬಾ ಕಡಿಮೆ. ಬಲ ಕಡಿಮೆ ಇದ್ದಾಗ ದೂರ ಹೆಚ್ಚು ಕೊಡಬೇಕು. ಬೋನಿನಲ್ಲಿರೋ ಪ್ರಾಣಿಗೆ ಪಶುವೈದ್ಯರು ಊದುಕೊಳವೆಯಿಂದ ಚುಚ್ಚುಮದ್ದು ಹಾರಿಸೋದನ್ನ ನೀವು ಟೀವಿಯಲ್ಲಿ ನೋಡಿರಬಹುದು. ಆ ಕೊಳವೆ ಆಳುದ್ದ ಇರುತ್ತೆ. ಬಾಯಿಂದ ಊದೋ ಗಾಳಿಯ ಒತ್ತಡ ಎಷ್ಟು ಮಹಾ? ಅದಕ್ಕೇ ಕೊಳವೆ ಉದ್ದ.

ಈಗ ಗುರಿ. ಹಾಸನ ಜಿಲ್ಲೆಯ ಆ ತುದಿಗೆ, ಅರಸೀಕೆರೆಗೆ ಬನ್ನಿ. ತೆಂಗಿನ ಸೀಮೆ. ದೋಟಿ ಹಿಡಿದು ಕಾಯಿ ಕಿತ್ತವರಿಗೆ ಈ ಪಾಠ ಯಾವ ಕಾಲೇಜೂ ಹೇಳಿಕೊಡಬೇಕಿಲ್ಲ. ಆರಡಿ ಕೋಲಿನ ತುದಿ ಹೇಳಿದಲ್ಲಿ ನಿಲ್ಲುತ್ತೆ. ಅಷ್ಟೇ ದಪ್ಪದ ಇಪ್ಪತ್ತಡಿ ದೋಟಿಯ ತುದಿ ತೂಗಾಡುತ್ತೆ. ಎಂಜಿನಿಯರಿಂಗ್‌ನಲ್ಲಿ ಇದಕ್ಕೊಂದು ಸೂತ್ರ ಇದೆ. ಒಂದು ತುದಿ ಬಿಗಿದು ಇನ್ನೊಂದು ತುದಿಗೆ ಬಲ ಹಾಕಿದ ಕೋಲಿನ ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟಾಗುತ್ತೆ. ದಪ್ಪ ಎರಡರಷ್ಟಾದರೆ ಬಾಗು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತೆ.

ನಳಿಗೆಯೂ ಒಂದು ತುದಿ ಬಿಗಿದ ಕೋಲೇ. ಮದ್ದು ಸಿಡಿದ ಕ್ಷಣ ಅದು ನಡುಗುತ್ತೆ. ಕಣ್ಣಿಗೆ ಕಾಣಲ್ಲ, ಆದರೆ ಗುಂಡು ಬಾಯಿ ದಾಟೋ ಕ್ಷಣಕ್ಕೆ ತುದಿ ಎತ್ತ ತಿರುಗಿದೆಯೋ ಗುಂಡು ಅತ್ತಲೇ ಹೋಗುತ್ತೆ. ಹೀಗಾಗಿ ಅಷ್ಟೇ ದಪ್ಪ ಇರೋದಾದ್ರೆ ಗಿಡ್ಡ ನಳಿಗೆಯೇ ಹೆಚ್ಚು ಬಿಗಿ, ಅದರ ನಡುಕವೇ ಕಡಿಮೆ. ಗುರಿಯನ್ನ ನಿಜವಾಗಿ ಕಾಯೋದು ನಳಿಗೆಯೊಳಗೆ ಕೊರೆದಿರೋ ಸುರುಳಿ ಗೀರುಗಳು. ಅವು ಗುಂಡನ್ನ ಬುಗುರಿ ಥರ ತಿರುಗಿಸುತ್ತವೆ. ತಿರುಗೋ ಬುಗುರಿ ಬೀಳಲ್ಲ, ತಿರುಗೋ ಗುಂಡು ಪಲ್ಟಿ ಹೊಡೆಯಲ್ಲ.

ಹಾಗಾದ್ರೆ ಉದ್ದ ನಳಿಗೆಯಿಂದ ಗುರಿಗೆ ಲಾಭವೇ ಇಲ್ವಾ? ಇದೆ. ದುರ್ಬೀನಿಲ್ಲದೆ ಬರಿಗಣ್ಣಲ್ಲಿ ಗುರಿ ನೋಡೋವಾಗ ಹಿಂದಿನ ಕಚ್ಚು, ಮುಂದಿನ ಮೊಳೆ ಎರಡೂ ದೂರದೂರ ಇದ್ದಷ್ಟೂ ಕಣ್ಣಿನ ತಪ್ಪು ಕಡಿಮೆ ಆಗುತ್ತೆ. ಅಷ್ಟೇ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ನೋಡಿ. ಹೊರಗಿನಿಂದ ಉದ್ದ ಕಾಣುತ್ತೆ. ಅಂಥ ಬಹಳಷ್ಟು ರೈಫಲ್‌ಗಳಲ್ಲಿ ನಿಜವಾದ ನಳಿಗೆ 42 ಸೆಂಟಿಮೀಟರ್ ಆಸುಪಾಸು. ಮುಂದಿನದ್ದು ಗುರಿ ಮೊಳೆ ಹೊರೋಕೆ ಹಾಕಿದ ಖಾಲಿ ಕೊಳವೆ! ಗುಂಡಿನ ವೇಗ ಸೆಕೆಂಡಿಗೆ 170 ಮೀಟರ್ ಸುತ್ತಮುತ್ತ, ಇನ್ಸಾಸ್‌ನ ಐದನೇ ಒಂದು ಭಾಗ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರ ಏಷ್ಯನ್ ಶೂಟಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಇಂಥದ್ದೇ ನಿಧಾನದ ರೈಫಲ್ ಹಿಡಿದು 400ಕ್ಕೆ 400 ಅಂಕ ತೆಗೆದರು. ಅಂದ್ರೆ ವೇಗ ಬೇರೆ, ಗುರಿ ಬೇರೆ. ಒಂದಿದ್ದ ಕಡೆ ಇನ್ನೊಂದು ಇರಲೇಬೇಕು ಅಂತಿಲ್ಲ.

ಎರಡು ನಂಬಿಕೆ ಮುಗೀತು. ಈಗ ಮೂರನೆಯದು, ವೀಕ್ಷಕರ ಅಸಲಿ ಪ್ರಶ್ನೆ. ಒಳ್ಳೇ ನಳಿಗೆ, ಒಳ್ಳೇ ಗುರಿ, ಒಳ್ಳೇ ವೇಗ ಕೊಟ್ಟು ದೂರದಿಂದ ಆನೆಗೆ ಅರಿವಳಿಕೆ ಹೊಡೀಬಾರದಾ?

ಇಲ್ಲಿ ನಾವು ಒಂದು ವಿಷಯ ಮರೀತೀವಿ. ಗುಂಡಿನ ಕೆಲಸ ಗಾಯ ಮಾಡೋದು. ಚುಚ್ಚುಮದ್ದಿನ ಕೆಲಸ ಗಾಯ ಮಾಡದೆ ಔಷಧ ತಲುಪಿಸೋದು. ಇಲಾಖೆಯವರು ‘ಡಾರ್ಟ್’ ಅನ್ನೋದು ಏನು? ಹಾರೋ ಸಿರಿಂಜ್. ಮುಂದೆ ಔಷಧದ ಕೋಣೆ, ಹಿಂದೆ ಒತ್ತಿ ತುಂಬಿದ ಗಾಳಿಯ ಕೋಣೆ, ಬಾಲಕ್ಕೆ ಬಣ್ಣದ ಕುಚ್ಚು. ಆನೆಗಾದರೆ ಸೂಜಿ ಸುಮಾರು 6 ಸೆಂಟಿಮೀಟರ್ ಉದ್ದ. ಸೂಜಿಯ ಪಕ್ಕದ ತೂತನ್ನ ಒಂದು ಪುಟ್ಟ ರಬ್ಬರ್ ತೋಳು ಮುಚ್ಚಿರುತ್ತೆ. ಸೂಜಿ ಚರ್ಮಕ್ಕೆ ಇಳಿದಾಗ ಆ ತೋಳು ಹಿಂದಕ್ಕೆ ಸರಿಯುತ್ತೆ, ತೂತು ತೆರೆಯುತ್ತೆ, ಹಿಂದಿನ ಗಾಳಿ ಔಷಧವನ್ನ ಮಾಂಸಖಂಡದೊಳಗೆ ತಳ್ಳುತ್ತೆ. ಚೊಂಬು ನೀರು ಕೈಗೆ ಕೊಡೋದಕ್ಕೂ, ಅದೇ ಚೊಂಬನ್ನ ಮುಖಕ್ಕೆ ಎಸೆಯೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಡಾರ್ಟ್ ಕೈಗೆ ಕೊಡೋ ಕೆಲಸ ಮಾಡಬೇಕು.

ಲೆಕ್ಕ ನೋಡಿ. 15 ಗ್ರಾಂ ತೂಕದ ಡಾರ್ಟ್ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 27 ಜೌಲ್. ನಮ್ಮ ಸೈನ್ಯದ ಹಳೇ ಎಸ್‌ಎಲ್‌ಆರ್ ರೈಫಲ್‌ನ ಗುಂಡಿನ ಶಕ್ತಿ 3,000 ಜೌಲ್‌ಗೂ ಮೇಲೆ. ನೂರು ಪಟ್ಟಿಗೂ ಹೆಚ್ಚು! ಡಾರ್ಟ್‌ಗೆ ಗುಂಡಿನ ವೇಗ ಕೊಟ್ಟರೆ ಅದು ಸಿರಿಂಜ್ ಆಗಿ ಉಳಿಯಲ್ಲ. ಒಡೆದು ಹೋಗುತ್ತೆ, ಇಲ್ಲಾ ಒಳಹೊಕ್ಕು ಮೂಳೆ, ಕರುಳು ಹರಿಯುತ್ತೆ. ಆನೆಯನ್ನ ಉಳಿಸೋಕೆ ಹೋಗಿ ಕೊಂದ ಹಾಗೆ. ಅದಕ್ಕೇ ಈ ಬಂದೂಕಿನಲ್ಲಿ ಸಾಮಾನ್ಯವಾಗಿ ಮದ್ದಿನ ಬದಲು ಕಾರ್ಬನ್ ಡೈಆಕ್ಸೈಡ್ ಗ್ಯಾಸ್. ದೂರ ಎಷ್ಟಿದೆ ನೋಡಿ ಗ್ಯಾಸಿನ ಒತ್ತಡವನ್ನ ಕೈಯಾರೆ ಹೊಂದಿಸಬೇಕು. ಅರಸೀಕೆರೆ ಗುಡ್ಡದ ಚಿರತೆಗೆ ಒಂದು ಲೆಕ್ಕ, ಬೇಲೂರಿನ ಬಿಕ್ಕೋಡು, ಅರೇಹಳ್ಳಿ ಕಡೆಯ ಸಲಗಕ್ಕೆ ಇನ್ನೊಂದು ಲೆಕ್ಕ. ತೆಳು ಚರ್ಮದ ಸಣ್ಣ ಪ್ರಾಣಿಗೆ ಮೆತ್ತಗೆ ತಾಗಬೇಕು.

ಅಂದ್ರೆ ವೇಗ ಹೆಚ್ಚಿಸೋದು ಎಂಜಿನಿಯರಿಗೆ ಕಷ್ಟದ ಕೆಲಸ ಅಲ್ಲವೇ ಅಲ್ಲ. ಒತ್ತಡ ಏರಿಸಿದರಾಯ್ತು, ನಳಿಗೆ ಉದ್ದ ಮಾಡಿದರಾಯ್ತು. ಆದರೆ ಇಲ್ಲಿ ವೇಗದ ಮಿತಿ ಬಂದೂಕಿನಲ್ಲಿಲ್ಲ, ಆನೆಯ ಚರ್ಮದಲ್ಲಿದೆ.

ನಿಧಾನಕ್ಕೆ ಹೋಗೋ ವಸ್ತುವಿಗೆ ಏನಾಗುತ್ತೆ? ಬೀಳುತ್ತೆ. 30 ಮೀಟರ್ ದೂರ ಅಂದ್ರೆ ರೈಫಲ್ ಗುಂಡು ರೆಪ್ಪೆ ಬಡಿಯೋಕೂ ಮೊದಲೇ ತಲುಪಿರುತ್ತೆ, ಅಷ್ಟರಲ್ಲಿ ಅದು ಕೆಳಗಿಳಿಯೋದು ಒಂದು ಸೆಂಟಿಮೀಟರ್‌ಗೂ ಕಡಿಮೆ. 60 ಮೀಟರ್ ವೇಗದ ಡಾರ್ಟ್‌ಗೆ ಅದೇ ದೂರಕ್ಕೆ ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಭೂಮಿ ಅದನ್ನ 1.2 ಮೀಟರ್ ಕೆಳಗೆ ಎಳೆದಿರುತ್ತೆ. 40 ಮೀಟರ್ ಆದರೆ 2.2 ಮೀಟರ್. ಗಾಳಿಯ ತಡೆ ಸೇರಿಸಿದರೆ ಇನ್ನೂ ಹೆಚ್ಚು. ಕಾಫಿ ಗಿಡದ ಒಂದು ಎಲೆ, ಒಂದು ರೆಂಬೆ ಅಡ್ಡ ಬಂದರೂ ಡಾರ್ಟ್ ದಿಕ್ಕು ತಪ್ಪುತ್ತೆ. ಆ ಅರ್ಧ ಸೆಕೆಂಡಿನಲ್ಲಿ ಆನೆ ಒಂದು ಹೆಜ್ಜೆ ಇಟ್ಟರೂ ಸಾಕು, ತೊಡೆಗೆ ಬೀಳಬೇಕಾದದ್ದು ಹೊಟ್ಟೆಗೆ ಬೀಳುತ್ತೆ. ಆನೆ ದೊಡ್ಡ ಪ್ರಾಣಿ, ನಿಜ. ಆದರೆ ಹೊಡೆಯಬೇಕಾದ ಜಾಗ ದೊಡ್ಡದಲ್ಲ. ಹಿಂಭಾಗದ ತೊಡೆ, ಇಲ್ಲವೇ ಭುಜದ ಮಾಂಸಖಂಡ. ತಲೆಗೆ ಬೀಳಬಾರದು, ಹೊಟ್ಟೆಗೆ ಬೀಳಬಾರದು.

ಅದಕ್ಕೇ ಹತ್ತಿರ ಹೋಗಬೇಕು. ಇಪ್ಪತ್ತು ಮೀಟರ್, ಮೂವತ್ತು ಮೀಟರ್. ಬಂದೂಕು ಕೊಡಲಾಗದ ವೇಗದ ಬಾಕಿಯನ್ನ ಮನುಷ್ಯ ತನ್ನ ಕಾಲ್ನಡಿಗೆಯಿಂದ ತೀರಿಸಬೇಕು.

ಡಾರ್ಟ್ ತಗುಲಿದ ಮೇಲೆ? ಸಿನಿಮಾದಲ್ಲಿ ಪ್ರಾಣಿ ಅಲ್ಲೇ ಕುಸಿಯುತ್ತೆ. ಕಾಡಲ್ಲಿ ಹಾಗಾಗಲ್ಲ. ಔಷಧ ರಕ್ತಕ್ಕೆ ಸೇರಿ ಮಿದುಳಿಗೆ ಮುಟ್ಟಬೇಕು. ಅದಕ್ಕೆ ನಿಮಿಷಗಳು ಬೇಕು. ಏಷ್ಯಾದ ಆನೆಗಳ ಓಟವನ್ನ ಅಳೆದಿದ್ದಾರೆ, ಗಂಟೆಗೆ ಸುಮಾರು 25 ಕಿಲೋಮೀಟರ್. ಆ ವೇಗದಲ್ಲಿ 30 ಮೀಟರ್ ದಾಟೋಕೆ ಆನೆಗೆ ನಾಲ್ಕೈದು ಸೆಕೆಂಡ್ ಸಾಕು. ಔಷಧಕ್ಕೆ ನಿಮಿಷಗಳು, ಆನೆಗೆ ಸೆಕೆಂಡುಗಳು. ಡಾರ್ಟ್ ಹೊಡೆಯೋ ಮನುಷ್ಯ ನಿಂತಿರೋದು ಈ ಎರಡರ ನಡುವೆ.

ಇದೇ ಕಾರಣಕ್ಕೆ ಸಾಕಾನೆಗಳು ಬೇಕು. ಅವುಗಳ ಬೆನ್ನ ಮೇಲೆ ಕೂತು ಹತ್ತಿರ ಹೋದರೆ ಸ್ವಲ್ಪ ಎತ್ತರ, ಸ್ವಲ್ಪ ರಕ್ಷಣೆ. ಮಾವುತರು, ಕಾವಾಡಿಗರು ಜೊತೆಗಿರ್ತಾರೆ. ಆದರೆ ಆಗ ಅಪಾಯ ಸಾಕಾನೆಯ ತಲೆ ಮೇಲೂ ಬರುತ್ತೆ. ವೆಂಕಟೇಶ್ ಹೋದ ಮೂರು ತಿಂಗಳ ನಂತರ, 2023ರ ಡಿಸೆಂಬರ್ 4ರಂದು, ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತವನು ಅರ್ಜುನ. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ. ಇಡೀ ರಾಜ್ಯ ಕಣ್ಣೀರು ಹಾಕಿತು. ಅವನನ್ನ ಕಾಡಾನೆಯ ಅಷ್ಟು ಹತ್ತಿರಕ್ಕೆ ಯಾಕೆ ಕರ್ಕೊಂಡು ಹೋದರು ಅಂತ ಎಲ್ಲರೂ ಕೇಳಿದರು. ಕಾರ್ಯಾಚರಣೆ ಹೇಗೆ ನಡೀಬೇಕಿತ್ತು ಅನ್ನೋದು ಬೇರೆ ಚರ್ಚೆ, ಅದು ಆಗಲೇಬೇಕು. ಆದರೆ ಹತ್ತಿರ ಹೋಗೋದನ್ನ ತಪ್ಪಿಸೋ ಬಂದೂಕು ಯಾವ ಅಂಗಡಿಯಲ್ಲೂ ಇಲ್ಲ.

ಹಾಗಂತ ಕೈಕಟ್ಟಿ ಕೂರಬೇಕಾ? ಬೇಡ. ಸರಿಯಾದ ಜಾಗದಲ್ಲಿ ಕೇಳೋಣ. ಉದ್ದ ನಳಿಗೆ ಕೇಳೋ ಬದಲು, ದೂರವನ್ನ ಕ್ಷಣದಲ್ಲಿ ಅಳೆಯೋ ಲೇಸರ್ ಉಪಕರಣ ಪ್ರತಿ ತಂಡದ ಕೈಯಲ್ಲೂ ಇದೆಯಾ ಅಂತ ಕೇಳಿ. ಡಾರ್ಟ್ ಹೊಡೆಯೋವರಿಗೆ ವರ್ಷಪೂರ್ತಿ ಅಭ್ಯಾಸ ಇದೆಯಾ? ಹೊಡೆದ ಮೇಲೆ ಓಡಿ ಬರೋ ದಾರಿಯನ್ನ ಮೊದಲೇ ಗುರುತು ಮಾಡ್ತಾರಾ? ಸಾಕಷ್ಟು ಸಾಕಾನೆ ಇಲ್ಲದಿದ್ದರೆ, ಇವತ್ತು ಬೇಡ ನಾಳೆ ಮಾಡೋಣ ಅಂತ ಹೇಳೋ ಅಧಿಕಾರ ಸ್ಥಳದಲ್ಲಿರೋ ವೈದ್ಯರಿಗೆ ಇದೆಯಾ? ಇಷ್ಟು ಅಪಾಯದ ಕೆಲಸ ಮಾಡೋವರಿಗೆ ಕಾಯಂ ನೌಕರಿ, ವಿಮೆ ಇದೆಯಾ? ಇವೆಲ್ಲ ವಿಧಾನಸೌಧದಲ್ಲಿ ಉತ್ತರ ಸಿಗಬೇಕಾದ ಪ್ರಶ್ನೆಗಳು.

ಇನ್ನೊಂದು ಪ್ರಶ್ನೆಗೆ ಉತ್ತರ ಇರೋದು ನಮ್ಮ ಕೈಯಲ್ಲಿ. ಆನೆ ಹಿಡೀತಾರಂತೆ ಅಂದ ಕೂಡಲೇ ಬೈಕ್ ಮೇಲೆ ಊರಿಗೆ ಊರೇ ಬರುತ್ತೆ. ಮೊಬೈಲ್ ಎತ್ತಿ ಹಿಡೀತಾರೆ, ಸಿಳ್ಳೆ ಹಾಕ್ತಾರೆ, ಕೂಗ್ತಾರೆ. ತೋಟದಲ್ಲಿ ಬೆಳೆ ಕಳೆದುಕೊಂಡವರ ಸಿಟ್ಟು ನನಗೆ ಅರ್ಥ ಆಗುತ್ತೆ. ಬೆಳಗಿನ ಜಾವ ಕೆಲಸಕ್ಕೆ ಹೋದ ಮನೆಯವರು ವಾಪಸ್ ಬರ್ತಾರೋ ಇಲ್ಲವೋ ಅನ್ನೋ ಭಯ ಸಣ್ಣದಲ್ಲ. ಆದರೆ ಒಂದು ಕ್ಷಣ ಮೇಲಿನ ಲೆಕ್ಕಕ್ಕೆ ವಾಪಸ್ ಹೋಗಿ. ಆನೆ 30 ಮೀಟರ್ ದೂರದಲ್ಲಿ ನಿಂತಿದೆ ಅಂತ ಗ್ಯಾಸಿನ ಒತ್ತಡ ಹೊಂದಿಸಿ ಆಗಿದೆ. ಬೆರಳು ಕುದುರೆ ಮೇಲಿದೆ. ಅಷ್ಟರಲ್ಲಿ ಯಾರೋ ಕೂಗಿದರು, ಆನೆ ಹತ್ತು ಮೀಟರ್ ಆಚೆ ಸರಿಯಿತು. ಆ ಹತ್ತು ಮೀಟರ್‌ಗೆ ಡಾರ್ಟ್ ಅರ್ಧ ಮೀಟರ್‌ಗೂ ಹೆಚ್ಚು ಕೆಳಗೆ ಬೀಳುತ್ತೆ. ಔಷಧ ಹೋಗಲ್ಲ, ಆನೆ ಕೆರಳುತ್ತೆ, ಮತ್ತೊಂದು ಡಾರ್ಟ್ ತುಂಬಿಕೊಂಡು ಆ ಮನುಷ್ಯ ಮತ್ತೆ ಹತ್ತಿರ ಹೋಗಬೇಕು.

ಹಾಗಾಗಿ ಬೇಲೂರು, ಆಲೂರು, ಸಕಲೇಶಪುರದ ನನ್ನ ವೀಕ್ಷಕರಲ್ಲಿ ಒಂದೇ ಮನವಿ. ನಿಮ್ಮೂರಲ್ಲಿ ಆನೆ ಕಾರ್ಯಾಚರಣೆ ಇದ್ದ ದಿನ ದಯವಿಟ್ಟು ಮನೆಯಲ್ಲಿರಿ. ಕ್ಯಾಮೆರಾ ಹಿಡಿದ ನಮ್ಮವರೂ ಇಲಾಖೆ ಹೇಳಿದ ಗೆರೆಯ ಆಚೆಗೇ ನಿಲ್ಲಲಿ. ಆನೆ ಬಿದ್ದ ದೃಶ್ಯ ಒಂದು ಗಂಟೆ ತಡವಾಗಿ ಬಂದರೆ ಯಾರಿಗೂ ನಷ್ಟ ಇಲ್ಲ.